ಅಜ್ಜಿಯ ಎಂಬತ್ತನೇ ವರ್ಷಕ್ಕೆ ಚಿನ್ನದ ಬಳೆಯೋ, ಕಾಶಿ ಯಾತ್ರೆಯೋ?

ಎರಡೂ ಬೇಡ. ಅದಕ್ಕಿಂತ ಮೊದಲು, ಆ ಎರಡು ವರ್ಷ ಕಾಯುವುದೇ ಬೇಡ.

ಹಾವೇರಿ ಹತ್ತಿರದ ಹಳ್ಳಿಯಲ್ಲಿರುವ ಅಜ್ಜಿಗೆ ಈಗ 78, ಎಂಬತ್ತು ತುಂಬಿದಾಗ ಸಹಸ್ರ ಚಂದ್ರ ದರ್ಶನ ಮಾಡಿಸಿ ಊರಿಗೆಲ್ಲ ಊಟ ಹಾಕಿಸಬೇಕು, ಅದಕ್ಕೆ ಪುಣೆಯಲ್ಲಿ ಕೂತು ದುಡ್ಡನ್ನೂ ರಜೆಯನ್ನೂ ಕೂಡಿಡ್ತಿದ್ದೀನಿ ಅಂತ ಬರೆದಿದ್ದೀರಿ. ಓದುತ್ತಾ ಹೊಟ್ಟೆಯಲ್ಲಿ ಹಿಂಡಿದ ಹಾಗಾಯ್ತು. ಪುಣೆ ಬದಲು ಬೆಂಗಳೂರು ಅಂತ ಹಾಕಿದರೆ ಇದು 2019ರ ನಾನೇ.

ನಮ್ಮದು ಸಾಗರದ ಕಡೆ, ದೀವರ ಸಮುದಾಯದ ಮನೆ. ಅಜ್ಜಿಯ ತವರು, ಗಂಡನ ಮನೆ ಎರಡೂ ಶರಾವತಿ ಹೊಳೆಯ ದಂಡೆಯಲ್ಲಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಎರಡೂ ಒಳಗೆ ಹೋದವು. ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಮಾತು, ಮುಳುಗಡೆ. ಅಜ್ಜಿ ಕಾಲವನ್ನೇ ಅದರಲ್ಲಿ ಅಳೆಯುತ್ತಿದ್ದಳು. ಇದು ಮುಳುಗಡೆಗೆ ಮುಂಚಿಂದು, ಇದು ಆಮೇಲಿಂದು. ಊರು ಬಿಡುವಾಗ ಲಾರಿಯಲ್ಲಿ ಜಾಗ ಸಾಲದೆ ಅಕ್ಕಿ ಮುಡಿಯನ್ನೇ ಇಳಿಸಿದರಂತೆ, ಆದರೆ ಅಜ್ಜಿ ಒಂದು ಬಿದಿರಿನ ಬುಟ್ಟಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅದು ಭೂಮಣ್ಣಿ ಬುಟ್ಟಿ.

ನಿಮ್ಮ ಕಡೆ ಶೀಗಿ ಹುಣ್ಣಿಮೆ ಅಂತೀರಲ್ಲ, ಅದೇ ನಮ್ಮ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತೆ, ಭೂಮ್ತಾಯಿ ಬಸುರಿ, ಅವಳಿಗೆ ಬಯಕೆ ಊಟ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಾಗುವ ಮೊದಲೇ ಬುಟ್ಟಿಯಲ್ಲಿ ತುಂಬಿ ಗದ್ದೆಗೆ ಕಳಿಸಬೇಕು. ಆ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ಕೆಲಸ ದಸರೆ ಮುಗಿಯುತ್ತಿದ್ದಂತೆ ಶುರುವಾಗುತ್ತಿತ್ತು. ಅಜ್ಜಿ ಅಟ್ಟದಿಂದ ಬುಟ್ಟಿ ಇಳಿಸಿ, ಹೋದ ವರ್ಷದ ಬಣ್ಣದ ಮೇಲೆ ಸಗಣಿ ಬಳಿದು ಒಣಗಿಸುವಳು. ಆಮೇಲೆ ಕೆಮ್ಮಣ್ಣು ಹಚ್ಚಿ ಮತ್ತೆ ಒಣಗಿಸುವಳು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಬಿಳಿ ಬಣ್ಣ, ಪುಂಡಿ ನಾರಿನಲ್ಲಿ ಕುಂಚ. ಗೋಡೆಗೆ ಒರಗಿ ಕಾಲು ಚಾಚಿ ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರೆ ಬಲಗೈ ಅಲುಗುತ್ತಲೇ ಇರಲಿಲ್ಲ. ಎಡಗೈ ಬುಟ್ಟಿಯನ್ನು ಇಷ್ಟಿಷ್ಟೇ ತಿರುಗಿಸುತ್ತಿತ್ತು, ಗೆರೆ ತಾನಾಗಿ ಎದ್ದು ಬರುತ್ತಿತ್ತು. ಏಣಿ, ಭತ್ತದ ಸಸಿ, ಗೊಂಬೆ ಸಾಲು. ಕೊನೆಗೆ ಬಾಯಿಯಂಚಿನ ಹತ್ತಿರ ಸಾಲಾಗಿ ಚುಕ್ಕಿ, ಕೆಳಗೊಂದು ಉದ್ದ ಗೆರೆ, ಅದರ ತುದಿಯಲ್ಲಿ ಮೇಲಕ್ಕೆ ಬಾಗಿದ ಕೊಕ್ಕೆ. ಅದನ್ನು ಬೇರೆ ಯಾರ ಮನೆಯ ಬುಟ್ಟಿಯಲ್ಲೂ ನಾನು ನೋಡಿಲ್ಲ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಹೊರಗಿಂದ ನೋಡಿದರೆ ಇದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ನನಗೂ ಕಂಡಿರಲಿಲ್ಲ.

ಆಧಾರ್ ಕಾರ್ಡಿನಲ್ಲಿ ಅಜ್ಜಿ ಹುಟ್ಟಿದ ದಿನ 01-01-1943. ಅಂದರೆ 2023ರ ಜನವರಿಗೆ ಎಂಬತ್ತು. 2019ರ ಜನವರಿಯಲ್ಲೇ ತಿಂಗಳಿಗೆ ಐದು ಸಾವಿರದ ಹಾಗೆ ಆರ್.ಡಿ. ಶುರು ಮಾಡಿದೆ. 48 ತಿಂಗಳು, ಬಡ್ಡಿ ಬಿಟ್ಟು 2,40,000 ರೂಪಾಯಿ. ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ, ಅಜ್ಜಿಯ ಎಂಬತ್ತು ನನ್ನ ಜವಾಬ್ದಾರಿ ಅಂತ. ಎಲ್ಲರೂ ಹೊಗಳಿದರು. ಆ ಹೊಗಳಿಕೆಯಿಂದ ನನ್ನ ಮನಸ್ಸಿನಲ್ಲಿ ಏನಾಯ್ತು ಅಂದರೆ, ಅಜ್ಜಿಗೆ ಮಾಡಬೇಕಾದ್ದನ್ನು ಮಾಡ್ತಾ ಇದ್ದೀನಿ ಅನ್ನೋ ಸಮಾಧಾನ ಪ್ರತಿ ತಿಂಗಳು ಐದನೇ ತಾರೀಖು ದುಡ್ಡು ಕಟ್ ಆದಾಗ ಸಿಕ್ಕಿಬಿಡುತ್ತಿತ್ತು. ಊರಿಗೆ ಹೋಗದಿದ್ದರೂ ಸಿಗುತ್ತಿತ್ತು.

ಆ ವರ್ಷ ದಸರೆ ಆದ ಮೇಲೆ ಅಜ್ಜಿ ಫೋನ್ ಮಾಡಿಸಿದಳು. ತಾನಾಗಿ ಯಾವತ್ತೂ ಮಾಡಿಸಿದವಳಲ್ಲ.

“ಮಗಾ, ಈ ಸಲ ಹುಣ್ಣಿಮೆಗೆ ಬಾ. ಕೈ ನಡುಗ್ತದೆ. ಗೆರೆ ನೀ ಎಳಿ, ನಾ ಬುಟ್ಟಿ ಹಿಡ್ಕಂತೀನಿ.”

ನಾನು ಹೇಳಿದ್ದು: “ಈಗ ಬೇಡ ಅಜ್ಜೀ, ರಜೆ ಎಲ್ಲ ಉಳಿಸ್ತಾ ಇದ್ದೀನಿ. ನಿನ್ನ ಎಂಬತ್ತಕ್ಕೆ ಹದಿನೈದು ದಿನ ಬಂದು ಕೂರ್ತೀನಿ ನೋಡು.”

“ಆಯ್ತು, ಆಯ್ತು” ಅಂದಳು. ಅಮ್ಮನ ಕೈಗೆ ಫೋನ್ ಕೊಟ್ಟಳು.

2019ರ ಭೂಮಿ ಹುಣ್ಣಿಮೆ ಅಕ್ಟೋಬರ್ 13, ಭಾನುವಾರ. ಆಮೇಲೆ ಎಷ್ಟು ಸಲ ಕ್ಯಾಲೆಂಡರ್ ತೆಗೆದು ನೋಡಿದ್ದೀನೋ ಲೆಕ್ಕವಿಲ್ಲ. ಭಾನುವಾರ! ಒಂದು ದಿನದ ರಜೆಯೂ ಬೇಕಿರಲಿಲ್ಲ. ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದ್ದರೆ ಶನಿವಾರ ಬೆಳಿಗ್ಗೆ ಸಾಗರ, ಭಾನುವಾರ ರಾತ್ರಿ ಅದೇ ರೈಲಿಗೆ ವಾಪಸ್. ಸೋಮವಾರ ಆಫೀಸು. ನಾನು ರಜೆ ಉಳಿಸಿದೆ ಅಂದುಕೊಂಡಿದ್ದೆನಲ್ಲ, ಉಳಿಸಲಿಕ್ಕೆ ಅಲ್ಲಿ ಏನೂ ಇರಲೇ ಇಲ್ಲ. ಆ ಭಾನುವಾರ ಬಟ್ಟೆ ಒಗೆದು, ಮಧ್ಯಾಹ್ನ ಮಲಗಿದ್ದೆ.

ತಪ್ಪು ಹೋಗದಿದ್ದದ್ದು ಮಾತ್ರ ಅಲ್ಲ. ಅವಳ ಮಾತನ್ನು ನಾನು ಕೇಳಿಸಿಕೊಂಡ ರೀತಿ ತಪ್ಪು. ಮುದುಕಿಗೆ ಬೇಜಾರಾಗಿದೆ, ಮೊಮ್ಮಗಳು ಜೊತೆಗಿರಲಿ ಅಂತ ಆಸೆ, ಅಷ್ಟೇ ಅಂದುಕೊಂಡೆ. ಅವಳು ಕರೆದದ್ದು ಕೆಲಸಕ್ಕೆ. ಅರವತ್ತು ವರ್ಷ ತಾನೇ ಎಳೆದ ಗೆರೆಯನ್ನು ಇನ್ನೊಂದು ಕೈಗೆ ದಾಟಿಸಲಿಕ್ಕೆ. ನಡುಗುವ ಕೈ ಮುಂದಿನ ವರ್ಷಕ್ಕೆ ಹೇಗಿರುತ್ತೋ ಅಂತ ಅವಳಿಗೆ ಗೊತ್ತಿತ್ತು. ನಾನು ಅವಳ ಆಯಸ್ಸಿನ ಲೆಕ್ಕ ಹಾಕ್ತಿದ್ದೆ, ಅವಳು ತನ್ನ ಕೈಯ ಲೆಕ್ಕ ಹಾಕ್ತಿದ್ದಳು.

2020 ಮತ್ತು 2021 ಕೊರೋನಾದಲ್ಲಿ ಹೋಯ್ತು. ಬಸ್ಸು ರೈಲು ಓಡುವಾಗಲೂ ನಾನು ಹೋಗಲಿಲ್ಲ, ಅಜ್ಜಿಗೆ ಅಂಟಿಸಿಬಿಟ್ಟರೆ ಅನ್ನೋ ಹೆದರಿಕೆ. ಅದನ್ನು ತಪ್ಪು ಅನ್ನಲಾರೆ. ಆದರೆ 2021ರ ಹೊತ್ತಿಗೆ ಒಂದೇ ಫೋನಿನಲ್ಲಿ ಮೂರು ಸಲ “ಊಟ ಆಯ್ತಾ” ಅಂತ ಕೇಳುತ್ತಿದ್ದಳು. ನಾನು ಮೂರು ಸಲವೂ ನಗುತ್ತಾ “ಆಯ್ತಜ್ಜಿ” ಅನ್ನುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ ಅಂತ ಅಮ್ಮ ಹೇಳಿದಾಗ, ವಯಸ್ಸಾಯ್ತಲ್ಲ ಅಂದೆ. ಕಿವಿಯೂ ಮಂದವಾಗಿತ್ತು. ಕೇಳಿಸದಿದ್ದಾಗ ಅವಳು ತಲೆ ಆಡಿಸಿ ನಗುತ್ತಿದ್ದಳು, ಹಾಗಾಗಿ ಅರ್ಥವಾಗದೆ ನಗುತ್ತಿದ್ದಾಳೆ ಅಂತ ನಮಗೆ ಗೊತ್ತಾಗಲೇ ಇಲ್ಲ. 2022ರ ಹುಣ್ಣಿಮೆಗೆ, ಇನ್ನು ಮೂರು ತಿಂಗಳಲ್ಲಿ ಸಮಾರಂಭ ಇದೆಯಲ್ಲ, ಆಗಲೇ ಹೋದರಾಯ್ತು ಅಂತ ಬಿಟ್ಟೆ.

ಸಮಾರಂಭ ಆಯ್ತು. 2023ರ ಜನವರಿ, ಸಾಗರದಲ್ಲಿ ಕಲ್ಯಾಣ ಮಂಟಪ, ಆರುನೂರು ಜನ, ಎರಡು ಪಾಯಸ, ಬಾಗಿಲಿನಲ್ಲಿ ಅಜ್ಜಿಯ ದೊಡ್ಡ ಫ್ಲೆಕ್ಸ್. ರೇಷ್ಮೆ ಸೀರೆ ಉಡಿಸಿ, ವೇದಿಕೆಯ ಮೇಲೆ ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿದೆವು. ಮೂರು ಗಂಟೆ ಕಾಲ ಜನ ಬಂದು ಶಾಲು ಹೊದಿಸಿ, ಕಾಲಿಗೆ ಬಿದ್ದು, ಕ್ಯಾಮೆರಾ ನೋಡಿ ಹೋದರು. ಅಜ್ಜಿ ಎರಡೂ ಕೈಯಲ್ಲಿ ಸೀರೆಯ ನಿರಿಗೆ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ನೀರು ಕುಡಿಸಲು ಬಗ್ಗಿದಾಗ ನನ್ನ ಕಿವಿಯಲ್ಲಿ ಕೇಳಿದಳು, “ಇದು ಯಾರ ಮದ್ವೆ?”

ತಮಾಷೆ ಅಂದುಕೊಂಡು “ನಿಂದೇ ಅಜ್ಜಿ” ಅಂದೆ.

“ಹಂಗಾರೆ ಅವ್ರೆಲ್ಲಿ?” ಅಂತ ಸುತ್ತ ನೋಡಿದಳು. ಅಜ್ಜ ತೀರಿಕೊಂಡು ಇಪ್ಪತ್ತನಾಲ್ಕು ವರ್ಷವಾಗಿತ್ತು. ಅವಳು ನಿಜವಾಗಿ ಹುಡುಕುತ್ತಿದ್ದಳು. ಊಟದ ಹಾಲ್ ಕಡೆ, ಬಾಗಿಲ ಕಡೆ, ಮತ್ತೆ ನನ್ನ ಮುಖದ ಕಡೆ. ನನ್ನನ್ನೂ ಅವಳು ಗುರುತು ಹಿಡಿದಿರಲಿಲ್ಲ ಅಂತ ಆಗ ತಿಳಿಯಿತು.

ಆಮೇಲೆ ಡಾಕ್ಟರ ಹತ್ತಿರ ಹೋದೆವು, ಡಿಮೆನ್ಷಿಯಾ ಅಂದರು. ಶುರುವಾಗಿ ವರ್ಷಗಳೇ ಆಗಿರಬೇಕು ಅಂದರು. ಹೊಸ ನೆನಪು ಮೊದಲು ಹೋಗುತ್ತೆ, ಹಳೇದು ನಿಧಾನಕ್ಕೆ; ಅದಕ್ಕೇ ಅಜ್ಜಿಗೆ ಅಜ್ಜ ಬದುಕಿದ್ದ, ನಾನು ಇರಲಿಲ್ಲ. ಕಿವಿ ಮಂದವಾಗಿ ಮಾತುಕತೆ ಕಡಿಮೆಯಾದರೆ ಮರೆವಿನ ಅಪಾಯ ಹೆಚ್ಚುತ್ತೆ ಅನ್ನುವುದೂ ಆಗಲೇ ಗೊತ್ತಾಗಿದ್ದು. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರಬಹುದು, ಅಂಥದ್ದು ಔಷಧಿಗೆ ಬಗ್ಗುತ್ತೆ, ಅದಕ್ಕೇ ರಕ್ತ ಪರೀಕ್ಷೆ ಮೊದಲು ಮಾಡಿಸುತ್ತಾರಂತೆ. ಅಜ್ಜಿಯದು ಆ ಥರದ್ದಲ್ಲ.

ಆ ವರ್ಷ ಭೂಮಿ ಹುಣ್ಣಿಮೆ ಅಕ್ಟೋಬರ್ 28ಕ್ಕೆ, ಶನಿವಾರ. ಅವತ್ತು ರಾತ್ರಿ ಚಂದ್ರಗ್ರಹಣವೂ ಇತ್ತು. ನಾನು ಒಂದು ವಾರ ಮೊದಲೇ ಹೋದೆ. ಸಗಣಿ ಬಳಿದೆ, ಕೆಮ್ಮಣ್ಣು ಹಚ್ಚಿದೆ, ಅಕ್ಕಿ ಅರೆದೆ. ಅಜ್ಜಿಯ ಕೈಗೆ ಪುಂಡಿ ನಾರು ಕೊಟ್ಟರೆ ಅದನ್ನು ನೋಡಿ, ಪಕ್ಕದಲ್ಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. ಸರಿ ಅಂತ ನಾನೇ ಅವಳ ಪಕ್ಕ ಕೂತು ಎಳೆಯಲು ಶುರು ಮಾಡಿದೆ. ನನಗೆ ಬರುತ್ತಿರಲಿಲ್ಲ. ಕೈಯನ್ನು ಬುಟ್ಟಿಯ ಸುತ್ತ ಒಯ್ಯುತ್ತಿದ್ದೆ, ಗೆರೆ ಅಲ್ಲಲ್ಲಿ ಸೊಟ್ಟಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬುಟ್ಟಿ ತಾನಾಗಿ ತಿರುಗಿತು. ಅಜ್ಜಿ ಅದರ ಅಂಚು ಹಿಡಿದಿದ್ದಳು. ನನ್ನ ಮುಖ ನೋಡಲಿಲ್ಲ, ಏನೂ ಮಾತಾಡಲಿಲ್ಲ, ಗೆರೆ ಎಷ್ಟು ಬೇಕೋ ಅಷ್ಟೇ ತಿರುಗಿಸುತ್ತಾ ಹೋದಳು. ಹತ್ತು ನಿಮಿಷ ಇರಬಹುದು. ನಾಲ್ಕು ವರ್ಷದ ಹಿಂದೆ ಫೋನಿನಲ್ಲಿ ಹೇಳಿದ್ದನ್ನೇ ಮಾಡಿದಳು. ಆಮೇಲೆ ಕೈ ಬಿಟ್ಟು ಅಂಗಳದ ಕಡೆ ನೋಡುತ್ತಾ ಕೂತಳು. ಬಾಯಿಯಂಚಿನ ಚುಕ್ಕಿ, ಗೆರೆ, ಕೊಕ್ಕೆ ಬಂದಾಗ, ಇದೇನಜ್ಜಿ ಅಂತ ಜೋರಾಗಿ ಮೂರು ಸಲ ಕೇಳಿದೆ. “ಊಟ ಆಯ್ತಾ” ಅಂದಳು.

2024ರ ಮಳೆಗಾಲದಲ್ಲಿ ಹೋದಳು.

ಅವಳ ಟ್ರಂಕ್ ತೆಗೆದಾಗ ಇನ್ನೊಂದು ವಿಷಯ ಸಿಕ್ಕಿತು. ಇದನ್ನು ನೀವು ಖಂಡಿತ ಗಮನಿಸಿ, ಯಾಕೆಂದರೆ ನಿಮ್ಮ 78ರ ಲೆಕ್ಕವೂ ಕಾರ್ಡಿನದ್ದೇ ಇರಬಹುದು. ದೊಡ್ಡಪ್ಪನ ಶಾಲೆಯ ಟಿ.ಸಿ. ಮಡಿಸಿ ಇಟ್ಟಿದ್ದಳು, ಮುಳುಗಿದ ಊರಿನ ಶಾಲೆಯದು, 1964ರದು, ಮೂರನೇ ತರಗತಿ. ಅಂದರೆ ಆಗ ದೊಡ್ಡಪ್ಪನಿಗೆ ಎಂಟು ವರ್ಷ. ಆಧಾರ್ ನಂಬಿದರೆ ಅಜ್ಜಿ ಹದಿಮೂರಕ್ಕೇ ಅವನನ್ನು ಹೆತ್ತಿರಬೇಕು. ಆದರೆ ಮದುವೆಯಾಗಿ ಮೂರು ವರ್ಷ ಮಕ್ಕಳಾಗದೆ ಹರಕೆ ಹೊತ್ತಿದ್ದೆ ಅಂತ ಅವಳೇ ನೂರು ಸಲ ಹೇಳಿದ್ದಳು. ಹೇಗೆ ಲೆಕ್ಕ ಹಾಕಿದರೂ ಹುಟ್ಟಿದ್ದು 1937ರ ಆಸುಪಾಸು. ಹುಟ್ಟಿದ ದಿನ ಬರೆದಿಡದ ಆ ತಲೆಮಾರಿಗೆ ಯಾರೋ ಅಂದಾಜಿನಲ್ಲಿ ಒಂದು ವರ್ಷ ಬರೆದು ಜನವರಿ ಒಂದು ಅಂತ ಹಾಕಿದ್ದು. ನಾನು ಆರ್.ಡಿ. ಶುರು ಮಾಡುವ ಹೊತ್ತಿಗೇ ಅಜ್ಜಿಗೆ ಎಂಬತ್ತು ದಾಟಿ ಹೋಗಿತ್ತು! ಸಹಸ್ರ ಚಂದ್ರ ದರ್ಶನದ ಶಾಸ್ತ್ರ ನಮ್ಮಲ್ಲಿಲ್ಲ, ಆದರೂ ಲೆಕ್ಕ ಹಾಕಿ ನೋಡಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ, ಸಾವಿರಕ್ಕೆ ಹತ್ತಿರ ಹತ್ತಿರ 80 ವರ್ಷ 10 ತಿಂಗಳು. ನನ್ನಜ್ಜಿಯ ಸಾವಿರದ ಹುಣ್ಣಿಮೆ ಯಾರ ಗಮನಕ್ಕೂ ಬರದೆ ಎಂದೋ ಮುಳುಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಗೆ. ಚಿನ್ನದ ಬಳೆ ಕೊಟ್ಟರೆ ಅದು ಬ್ಯಾಂಕ್ ಲಾಕರಿಗೆ ಹೋಗುತ್ತೆ, ನಾಳೆ ಸೊಸೆಯಂದಿರ ಮಧ್ಯೆ ಮಾತಿಗೆ ಕಾರಣವಾಗುತ್ತೆ. ಕಾಶಿಗೆ ಹೋಗಬೇಕು ಅಂತ ಅವರೇ ಬಾಯಿಬಿಟ್ಟು ಕೇಳಿದ್ದರೆ ಈ ಚಳಿಗಾಲದಲ್ಲೇ ಕರೆದುಕೊಂಡು ಹೋಗಿ. ಅವರು ಕೇಳಿಲ್ಲ, ನಿಮಗೆ ಚೆನ್ನ ಅನ್ನಿಸಿದೆ ಅಂತಾದರೆ ಬಿಡಿ, ಆ ಮಂಡಿಗಳಿಗೆ ಘಾಟಿನ ಮೆಟ್ಟಿಲು ಯಾಕೆ? ಸಮಾರಂಭದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಅದು ಮಾಡುವವರ ಹಬ್ಬ. ಅಜ್ಜಿಗೆ ಅವತ್ತು ಬೆಳಿಗ್ಗೆಯಿಂದ ಹೊಟ್ಟೆಗೂ ಸರಿಯಾಗಿ ಬೀಳುವುದಿಲ್ಲ. ಮಾಡಲೇಬೇಕು ಅಂತಿದ್ದರೆ ಮನೆಯಂಗಳದಲ್ಲಿ ಇಪ್ಪತ್ತೇ ಜನಕ್ಕೆ ಮಾಡಿ, ಇದೇ ವರ್ಷ ಮಾಡಿ.

ಅದಕ್ಕಿಂತ ಮೊದಲು ಅವರು ಈಚೆಗೆ ನಿಮ್ಮನ್ನು ಏನು ಕೇಳಿದ್ದಾರೆ ಅಂತ ನೆನಪು ಮಾಡಿಕೊಳ್ಳಿ. ಅಜ್ಜಿಯರು ದೊಡ್ಡದನ್ನು ಕೇಳುವುದಿಲ್ಲ. ತವರಿಗೆ ಒಮ್ಮೆ ಬಿಟ್ಟು ಬಾ, ಕೌದಿಗೆ ನಾಲ್ಕು ಹೊಲಿಗೆ ಹಾಕು, ಸೂಜಿಗೆ ದಾರ ಪೋಣಿಸಿ ಕೊಡು, ಇಷ್ಟೇ ಇರುತ್ತೆ. ಅದನ್ನು ಮಾಡಿ, ಅವರು ಕೇಳಿದ ದಿನವೇ ಮಾಡಿ. ರಜೆ ಕೂಡಿಡಬೇಡಿ, ಚಿಲ್ಲರೆಯಾಗಿ ಖರ್ಚು ಮಾಡಿ. ಪುಣೆಯಿಂದ ಹಾವೇರಿಗೆ ರಾತ್ರಿ ಬಸ್ಸೋ ರೈಲೋ ಸಾಕು.

ಕಿವಿ ಪರೀಕ್ಷೆ ಈಗಲೇ ಮಾಡಿಸಿ. ನಿಮ್ಮ ಬಳೆಯ ದುಡ್ಡಿನಲ್ಲಿ ಒಳ್ಳೆಯ ಶ್ರವಣ ಯಂತ್ರ ಬರುತ್ತೆ. ಕೇಳಿದ್ದನ್ನೇ ಕೇಳುತ್ತಿದ್ದರೆ ವಯಸ್ಸಾಯ್ತು ಅಂತ ನಗಬೇಡಿ, ತೋರಿಸಿ. ಹುಬ್ಬಳ್ಳಿ ಧಾರವಾಡದಲ್ಲಿ ನರರೋಗ, ಮನೋರೋಗ ತಜ್ಞರು ಇದ್ದಾರೆ, ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ವಿಭಾಗವಿದೆ.

ಮತ್ತೆ ಕತೆ ಕೇಳುವುದಾದರೆ ಫೋನ್ ಮುಖಕ್ಕೆ ಹಿಡಿದು “ಅಜ್ಜಿ, ನಿನ್ನ ಜೀವನದ ಬಗ್ಗೆ ಹೇಳು” ಅನ್ನಬೇಡಿ. ನಾನು ಒಮ್ಮೆ ಹಾಗೆ ಮಾಡಿದ್ದೆ. “ಏನದೆ ಹೇಳೂದು, ದುಡಿದ್ವಿ, ಉಂಡ್ವಿ” ಅಂದು ಎದ್ದು ಹೋದಳು. ಕೈಯಲ್ಲಿ ಒಂದು ವಸ್ತು ಇರಲಿ. ಹಳೇ ಬಿಂದಿಗೆ, ಸವೆದ ಒನಕೆ, ಅವರ ಮದುವೆಯ ಸೀರೆ. ಇದು ಯಾರು ಕೊಟ್ಟಿದ್ದು, ಈ ತಗ್ಗು ಹೇಗೆ ಬಿತ್ತು ಅಂತ ಕೇಳಿ. ಆಮೇಲೆ ಸುಮ್ಮನಿರಿ. ಬುಟ್ಟಿ ಒಂದು ಕೈಯಲ್ಲಿದ್ದಾಗ ನನ್ನಜ್ಜಿ ಮುಳುಗಿದ ಊರಿನ ಯಾವ ಮನೆಯ ಹಿತ್ತಲಲ್ಲಿ ಯಾವ ಮರ ಇತ್ತು ಅಂತೆಲ್ಲ ಹೇಳುತ್ತಿದ್ದಳಂತೆ. ಅಮ್ಮನಿಗೆ ಒಲೆಯ ಮುಂದೆ ಅರ್ಧ ಕೇಳಿದ ನೆನಪು, ಅಷ್ಟೇ.

ಆ ಚುಕ್ಕಿ, ಗೆರೆ, ಕೊಕ್ಕೆಯ ಅರ್ಥ ಅಜ್ಜಿಯ ತಂಗಿಗೆ ಗೊತ್ತಿದ್ದಿರಬಹುದು. ಒಂದೇ ತವರು, ಒಂದೇ ತಾಯಿಯ ಕೈಯಲ್ಲಿ ಕಲಿತವರು. ಚಿಕ್ಕಜ್ಜಿ ಹಿನ್ನೀರಿನ ಆಚೆ, ತುಮರಿ ಕಡೆ ಇದ್ದಳು. ಲಾಂಚ್ ಕಾಯಬೇಕು, ಇಡೀ ದಿನ ಹೋಗುತ್ತೆ ಅಂತ ಅವಳನ್ನು ನೋಡುವುದನ್ನೂ ಸಮಾರಂಭಕ್ಕೇ ಎತ್ತಿಟ್ಟಿದ್ದೆ. ಅವಳು 2022ರಲ್ಲೇ ಹೋದಳು. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ಆಯ್ತು, ಎರಡು ಕಿಲೋಮೀಟರಿಗೂ ಉದ್ದ. ಈಗ ಕಾರಿನಲ್ಲಿ ಐದು ನಿಮಿಷಕ್ಕೆ ಆಚೆ ದಡ. ಮೊದಲ ಸಲ ದಾಟುವಾಗ ಮಧ್ಯದಲ್ಲಿ ಅಮ್ಮ ಕಿಟಕಿ ಇಳಿಸಿ ನೀರು ನೋಡಿದಳು. ಇಬ್ಬರೂ ಮಾತಾಡಲಿಲ್ಲ.

ಹೋದ ಹುಣ್ಣಿಮೆಗೂ ಬುಟ್ಟಿ ಬರೆದೆವು. ಗೆರೆ ನಾನು ಎಳೆದೆ, ಬುಟ್ಟಿ ಅಮ್ಮ ತಿರುಗಿಸಿದಳು. ಅಂಚಿಗೆ ಬಂದಾಗ ಚುಕ್ಕಿ ಎಷ್ಟು ಅನ್ನುವ ಪ್ರಶ್ನೆ ಬಂತು. ಪ್ರತಿ ವರ್ಷ ಹಳೇದರ ಮೇಲೆ ಸಗಣಿ ಬಳಿಯುವುದರಿಂದ ಬುಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಮಾರಂಭದ ಆಲ್ಬಮ್ಮಿನಲ್ಲಿ ಸಾವಿರಕ್ಕೂ ಹೆಚ್ಚು ಫೋಟೋ ಇವೆ, ಶಾಲು ಹೊದಿಸಿದವರೆಲ್ಲ ಇದ್ದಾರೆ, ಬುಟ್ಟಿಯದು ಒಂದೂ ಇಲ್ಲ. ಅಮ್ಮನ ಹಳೇ ಫೋನಿನಲ್ಲಿ 2016ರ ಒಂದು ಫೋಟೋ ಸಿಕ್ಕಿತು, ಮಬ್ಬಾಗಿದೆ, ಅಂಚು ಅರ್ಧ ಕತ್ತರಿಸಿ ಹೋಗಿದೆ. ಐದು ಚುಕ್ಕಿ ಕಾಣುತ್ತವೆ. ಆರನೆಯದು ಇತ್ತೋ ಇಲ್ಲವೋ ಹೇಳುವುದಕ್ಕಾಗುವುದಿಲ್ಲ. ನಾವು ಐದು ಇಟ್ಟೆವು.